ಗೇರ್‌ಬಾಕ್ಸ್ ಇಳಿಸುವ ಮೊದಲು: ಹಳೇ ಕಾರಿನ ಕೆಳಗೆ ದಿಢೀರ್ ಎಣ್ಣೆ ಕಂಡರೆ

ಹಳೇ ಕಾರಿನ ಕೆಳಗೆ ಎಣ್ಣೆ ಕಂಡಾಗ ಜನ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು "ಹಳೇ ಗಾಡಿ ಅಲ್ವಾ, ಒಂದೆರಡು ತೊಟ್ಟು ಬಿದ್ದೇ ಬೀಳ್ತದೆ" ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಸೀದಾ ಗ್ಯಾರೇಜಿಗೆ ಹೋಗಿ, "ಗೇರ್‌ಬಾಕ್ಸ್ ಇಳಿಸಬೇಕು" ಎಂಬ ಒಂದು ಮಾತಿಗೆ ತಲೆಯಾಡಿಸಿ ಬರುತ್ತಾರೆ. ಮೊದಲನೆಯವರಿಗೆ ಖರ್ಚು ಆಮೇಲೆ ಬರುತ್ತದೆ, ಎರಡನೆಯವರಿಗೆ ಕೂಡಲೇ. ಗೇರ್‌ಬಾಕ್ಸ್‌ನಿಂದ ಎಣ್ಣೆ ಸೋರಲು ಹತ್ತಾರು ಜಾಗಗಳಿವೆ. ಅದರಲ್ಲಿ ಗೇರ್‌ಬಾಕ್ಸನ್ನೇ ಇಳಿಸಬೇಕಾಗುವುದು ಒಂದೆರಡಕ್ಕೆ ಮಾತ್ರ. ಉಳಿದದ್ದು ಹೆಚ್ಚುಕಡಿಮೆ ಎಲ್ಲ ಹೊರಗಿನಿಂದಲೇ ಆಗುವ ಕೆಲಸ. ಯಾವ ಜಾಗ ಎಂದು ಕಂಡುಹಿಡಿದರೆ ಅರ್ಧ ರಿಪೇರಿ ಮುಗಿದ ಹಾಗೆ. ಆ ಅರ್ಧವನ್ನು ಕಾರಿನವರು ಮನೆಯಲ್ಲೇ ಮಾಡಿಕೊಳ್ಳಬಹುದು.

ಕೊಡಗಿನಲ್ಲಿ ಹಳೇ ಗಾಡಿಗಳಿಗೆ ಆಯಸ್ಸು ಜಾಸ್ತಿ. ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು, ಆದರೆ ಕೆಎ-12 ನಂಬರಿನ 800, ಓಮ್ನಿ, ಜಿಪ್ಸಿ, ಮಹೀಂದ್ರ ಜೀಪುಗಳು ತೋಟದ ದಾರಿಗಳಲ್ಲಿ ಈಗಲೂ ಓಡುತ್ತಿವೆ. ಪೇಟೆ ಕಡೆಗೆ ಬಂದರೆ ಹಳೇ ಹೋಂಡಾ ಸಿಟಿ, ಐ10 ಥರದ ಆಟೊಮ್ಯಾಟಿಕ್ ಕಾರುಗಳೂ ಸಿಗುತ್ತವೆ. ಇವುಗಳಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲುಗಳು ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗಿರುತ್ತವೆ. ಸೋರಿಕೆಗೆ ತಯಾರಾಗಿಯೇ ಕೂತಿರುತ್ತವೆ ಅನ್ನಿ. ಅದಕ್ಕೊಂದು ನೆಪ ಬೇಕು, ಅಷ್ಟೇ. ನೆಪಗಳಿಗೆ ಇಲ್ಲಿ ಬರವಿಲ್ಲ. ತೋಟದ ದಾರಿಯಲ್ಲಿ ಎರಡು ಚಕ್ರದ ಜಾಡಿನ ನಡುವೆ ಹುಲ್ಲಿನ ದಿಣ್ಣೆ ಇರುತ್ತದೆ, ಆ ಹುಲ್ಲಿನೊಳಗೆ ಕಲ್ಲು ಅಡಗಿರುತ್ತದೆ. ಜೋರು ಮಳೆಯ ಕಕ್ಕಡ ತಿಂಗಳಿಡೀ ಕಾರು ಶೆಡ್ಡಿನಲ್ಲಿ ನಿಂತಿರುತ್ತದೆ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹೊತ್ತಿಗೆ ಹೊರತೆಗೆದು ತೊಳೆಯಲು ಹೋದಾಗ ನೆಲದ ಮೇಲೆ ಒಂದು ಕೆಂಪು ಅಥವಾ ಕಪ್ಪು ಕಲೆ ಕಾಣಿಸುತ್ತದೆ. ಹೀಗೆ ದಿಢೀರನೆ ಕಂಡ ಸೋರಿಕೆಯಲ್ಲಿ ಬಹುಪಾಲು ಹಿಂದಿನಿಂದಲೇ ಶುರುವಾದದ್ದು. ನಿಜವಾಗಿ ದಿಢೀರ್ ಎನ್ನಬಹುದಾದದ್ದು ಕಲ್ಲೇಟು, ಒಡೆದ ಹೋಸು, ಸಡಿಲವಾದ ಬೋಲ್ಟು ಇಷ್ಟೇ.

ಸೋರುತ್ತಿರುವುದು ಗೇರ್ ಎಣ್ಣೆಯೇ ಹೌದಾ?

ಮೊದಲ ಪ್ರಶ್ನೆ ಇದು. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಕ್ಕೆ ಕೂತಿರುತ್ತದೆ, ಗೇರ್‌ಬಾಕ್ಸ್ ಅದಕ್ಕೆ ಅಂಟಿಕೊಂಡು ಪಕ್ಕದಲ್ಲಿರುತ್ತದೆ. ಎರಡರ ಎಣ್ಣೆಯೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನೆಲಕ್ಕೆ ಬೀಳುತ್ತದೆ. ಎಂಜಿನ್ ತಲೆಯ ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋದರೂ, ಹಳೇ ಪೆಟ್ರೋಲ್ ಕಾರುಗಳ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕರೆಂಟು ಹಂಚುವ ಭಾಗ) ಬುಡದ ಓ-ರಿಂಗ್ ಎಂಬ ರಬ್ಬರ್ ಉಂಗುರ ಹೋದರೂ ಎಂಜಿನ್ ಆಯಿಲ್ ಗೇರ್‌ಬಾಕ್ಸ್ ಮೈಮೇಲೆ ಇಳಿದು ಅದರ ತಳದಿಂದ ತೊಟ್ಟಿಕ್ಕುತ್ತದೆ. ಕೆಳಗಿನಿಂದ ನೋಡಿದವರಿಗೆ ಗೇರ್‌ಬಾಕ್ಸೇ ಸೋರಿದ ಹಾಗೆ ಕಾಣುತ್ತದೆ. ಬೇಡದ ಗೇರ್‌ಬಾಕ್ಸ್‌ಗಳು ಇಳಿಯುವುದು ಸಾಮಾನ್ಯವಾಗಿ ಇಲ್ಲೇ.

ಹಾಗಾಗಿ ರಾತ್ರಿ ಕಾರಿನ ಕೆಳಗೆ ಒಂದು ಬಿಳಿ ರಟ್ಟು ಹಾಸಿ. ಹಳೇ ಪೇಪರಾದರೂ ಆದೀತು, ಆದರೆ ಅದರ ಮೇಲೆ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ರಟ್ಟಿನ ಮೇಲೆ ಮುಂದಿನ ಚಕ್ರಗಳು ಎಲ್ಲಿ ಬರುತ್ತವೆ ಎಂದು ಪೆನ್ನಿನಲ್ಲಿ ಗುರುತು ಹಾಕಿಡಿ. ಬೆಳಿಗ್ಗೆ ಹೊತ್ತಿಗೆ ಎಷ್ಟು ಬಿದ್ದಿದೆ, ಎಲ್ಲಿ ಬಿದ್ದಿದೆ, ಯಾವ ಬಣ್ಣ ಎಂಬ ಮೂರೂ ಒಂದೇ ಕಡೆ ಸಿಗುತ್ತವೆ. ಮಳೆಗಾಲದಲ್ಲಿ ಇದನ್ನು ಶೆಡ್ಡಿನೊಳಗೇ ಮಾಡಬೇಕು. ಹೊರಗೆ ನಿಂತ ಕಾರಿನ ಎಣ್ಣೆ ಮಳೆನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದಲ್ಲಿ ಹರಡಿಕೊಳ್ಳುತ್ತದೆ. ಒಂದು ತೊಟ್ಟು ಕೂಡ ಅಂಗಳ ತುಂಬ ಕಂಡು ಹೆದರಿಸುತ್ತದೆ.

ಮ್ಯಾನ್ಯುವಲ್ ಗೇರ್‌ಬಾಕ್ಸ್‌ನ ಎಣ್ಣೆ ದಪ್ಪ. ಹೊಸದರಲ್ಲಿ ಜೇನಿನ ಬಣ್ಣ, ಹಳತಾದರೆ ಕಂದು. ಇದನ್ನು ಗುರುತಿಸಲು ಕಣ್ಣಿಗಿಂತ ಮೂಗು ಒಳ್ಳೆಯದು. ಹಲ್ಲುಗಳು ಒಂದಕ್ಕೊಂದು ಉಜ್ಜುವಾಗ ಸವೆಯದಿರಲೆಂದು ಗೇರ್ ಎಣ್ಣೆಗೆ ಗಂಧಕದ ಅಂಶ ಸೇರಿಸಿರುತ್ತಾರೆ. ಆ ಘಾಟು ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ, ಕೈಯಿಂದ ಬೇಗ ಹೋಗುವುದೂ ಇಲ್ಲ. ಆಟೊಮ್ಯಾಟಿಕ್ ಕಾರಿನ ಎಣ್ಣೆಗೆ ಎಟಿಎಫ್ ಎನ್ನುತ್ತಾರೆ. ಅದು ತೆಳು, ಸಾಮಾನ್ಯವಾಗಿ ಕೆಂಪು. ಎಣ್ಣೆಗೆ ಹುಟ್ಟಾ ಆ ಬಣ್ಣ ಇಲ್ಲ, ಸೋರಿದರೆ ಗುರುತು ಸಿಗಲೆಂದು ಬಣ್ಣ ಹಾಕಿರುತ್ತಾರೆ. ಹಳತಾದಾಗ ಕಂದಾಗುತ್ತದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟುಗಳು ಸುಡುತ್ತಿವೆ ಎಂದರ್ಥ. ಆಗ ಚಿಂತೆ ಸೋರಿಕೆಯದ್ದಷ್ಟೇ ಅಲ್ಲ.

ಇಲ್ಲೊಂದು ಮೋಸವಿದೆ. ಎಷ್ಟೋ ಕಾರುಗಳ ಪವರ್ ಸ್ಟಿಯರಿಂಗಿಗೂ ಇದೇ ಕೆಂಪು ಎಟಿಎಫ್ ಹಾಕುತ್ತಾರೆ. ಮ್ಯಾನ್ಯುವಲ್ ಗೇರಿನ ಕಾರಿನ ಕೆಳಗೆ ಕೆಂಪು ಎಣ್ಣೆ ಕಂಡರೆ ಮೊದಲು ಸ್ಟಿಯರಿಂಗ್ ಎಣ್ಣೆಯ ಡಬ್ಬಿ ನೋಡಿ.

ಇನ್ನೊಂದು ಪರೀಕ್ಷೆಗೆ ಒಂದು ಲೋಟ ನೀರು ಸಾಕು. ಸೋರಿದ್ದನ್ನು ಒಂದು ಕಡ್ಡಿಯಲ್ಲಿ ತೆಗೆದು ನೀರಿಗೆ ಬಿಡಿ. ಎಂಜಿನ್ ಆಯಿಲ್, ಗೇರ್ ಎಣ್ಣೆ, ಎಟಿಎಫ್ ಮೂರೂ ಮೇಲೆ ತೇಲುತ್ತವೆ. ಎಂಜಿನ್ ತಂಪು ಮಾಡುವ ಕೂಲೆಂಟ್ ನೀರಿನಲ್ಲಿ ಕರಗಿಬಿಡುತ್ತದೆ. ಸಾಮಾನ್ಯ ಬ್ರೇಕ್ ಆಯಿಲ್ ಕೂಡ ಕರಗುತ್ತದೆ. ಈ ಬ್ರೇಕ್ ಆಯಿಲ್ ವಿಷಯ ಮುಖ್ಯ. ಕ್ಲಚ್ಚಿಗೆ ಕೇಬಲ್ ಬದಲು ಹೈಡ್ರಾಲಿಕ್ ಇರುವ ಕಾರುಗಳಲ್ಲಿ ಕ್ಲಚ್ ಸಿಲಿಂಡರ್ ಗೇರ್‌ಬಾಕ್ಸ್ ಮೇಲೆಯೇ ಕೂತಿರುತ್ತದೆ, ಅದರಲ್ಲಿರುವುದು ಬ್ರೇಕ್ ಆಯಿಲ್. ಅದು ಸೋರಿದರೂ ಗೇರ್‌ಬಾಕ್ಸ್ ಒದ್ದೆಯಾಗುತ್ತದೆ. ಲೋಟದಲ್ಲಿ ಕರಗಿತು, ಜೊತೆಗೆ ಕ್ಲಚ್ ಪೆಡಲ್ ಕೆಳಕ್ಕೆ ಹೋಗುತ್ತಿದೆ ಎಂದರೆ ಗೇರ್‌ಬಾಕ್ಸನ್ನು ಬೈಯುವುದು ಬಿಟ್ಟು ಆ ಸಿಲಿಂಡರ್ ನೋಡಿ. ಬರೀ ನೀರು ಬಿದ್ದಿದ್ದರೆ ಎ.ಸಿ.ಯದ್ದು, ಅದು ಬೀಳಬೇಕಾದದ್ದೇ.

ಒದ್ದೆಯ ತುದಿ ಹುಡುಕಿ

ತೊಟ್ಟು ಬಿದ್ದ ಜಾಗ ಸೋರುವ ಜಾಗ ಅಲ್ಲ. ಎಣ್ಣೆ ಸೋರಿದಲ್ಲಿಂದ ಕೆಳಕ್ಕೆ ಹರಿಯುತ್ತದೆ, ಕಾರು ಓಡುವಾಗ ಗಾಳಿಗೆ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದ್ದು, ಎಲ್ಲಕ್ಕಿಂತ ಮುಂದಿನದ್ದು. ತೋಟದ ಕಾರುಗಳಲ್ಲಿ ಎಂಜಿನ್ ಗಾರ್ಡ್ ಇದ್ದರೆ ಅದನ್ನು ಬಿಚ್ಚದೆ ಏನೂ ಗೊತ್ತಾಗುವುದಿಲ್ಲ. ಅದರ ಮೇಲೆ ಸಿಲ್ವರ್ ಓಕ್ ಎಲೆ, ಕೆಸರು, ಎಣ್ಣೆ ಎಲ್ಲ ಸೇರಿ ಒಂದು ಹಾಸಿಗೆಯೇ ಆಗಿರುತ್ತದೆ. ಎಣ್ಣೆ ಒಂದು ಕಡೆ ಸೋರಿ ಗಾರ್ಡಿನ ಇನ್ನಾವುದೋ ತೂತಿನಿಂದ ಬೀಳುತ್ತದೆ.

ಹಳೇ ಕೊಳೆಯ ಮೇಲೆ ಹೊಸ ಸೋರಿಕೆ ಹುಡುಕುವುದು ವ್ಯರ್ಥ. ಎಂಜಿನ್ ತಣ್ಣಗಿದ್ದಾಗ ಗೇರ್‌ಬಾಕ್ಸನ್ನು ಡೀಸೆಲ್ ಮತ್ತು ಬ್ರಷ್ ಹಿಡಿದು ಉಜ್ಜಿ, ಆಮೇಲೆ ಸೋಪು ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಲು ಬಿಡಿ. ಮೇಲ್ಮೈ ಒಣಗಿದ ಮೇಲೆ ಅನುಮಾನದ ಜಾಗಗಳಿಗೆಲ್ಲ ಮುಖಕ್ಕೆ ಹಾಕುವ ಪೌಡರ್ ಉದುರಿಸಿ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಬಿಳಿ ಪೌಡರಿನ ಮೇಲೆ ಎಣ್ಣೆ ಗೆರೆ ಎಳೆದ ಹಾಗೆ ಕಾಣುತ್ತದೆ, ಗೆರೆಯ ಮೇಲ್ತುದಿಯೇ ನಿಮ್ಮ ಉತ್ತರ. ಮಳೆ ಬರುವ ದಿನ ಈ ಕೆಲಸಕ್ಕೆ ಇಳಿಯಬೇಡಿ. ರಸ್ತೆಯ ನೀರು ಪೌಡರನ್ನೂ ತೊಳೆಯುತ್ತದೆ, ಎಣ್ಣೆಯನ್ನೂ ತೊಳೆಯುತ್ತದೆ. ಕಾರಿನ ಕೆಳಗೆ ಮಲಗಿದವರಿಗೆ ಜಿಗಣೆ ಬೇರೆ.

ಕೆಳಗೆ ನುಗ್ಗುವ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಲೇಬಾರದು. ಒದ್ದೆ ಮಣ್ಣಿನಲ್ಲಿ ಜಾಕಿಯ ಬುಡ ಹೂತುಹೋಗುತ್ತದೆ. ಗಟ್ಟಿ ನೆಲ, ಎರಡು ಸ್ಟ್ಯಾಂಡ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು, ಇಷ್ಟು ಇಲ್ಲದಿದ್ದರೆ ಗ್ಯಾರೇಜಿನ ಗುಂಡಿಯೇ ವಾಸಿ. ಕೊಡಗಿನಲ್ಲಿ ಸಮತಟ್ಟಾದ ಸಿಮೆಂಟ್ ನೆಲ ಎಂದರೆ ಕಾಫಿ ಕಣ. ಕಾಫಿ ಹರಡಿಲ್ಲದ ದಿನಗಳಲ್ಲಿ ಅಲ್ಲಿ ನಿಲ್ಲಿಸಿ ನೋಡಬಹುದು, ಆದರೆ ಕೆಳಗೆ ರಟ್ಟೋ ತಗಡೋ ಹಾಸಿಯೇ. ಸಿಮೆಂಟು ಕುಡಿದ ಗೇರ್ ಎಣ್ಣೆಯ ವಾಸನೆ ಮುಂದಿನ ಕೊಯ್ಲಿನ ಕಾಫಿಗೆ ಹತ್ತಿದರೆ ಗೇರ್‌ಬಾಕ್ಸ್ ರಿಪೇರಿಗಿಂತ ಜಾಸ್ತಿ ನಷ್ಟ.

ಯಾವ ಜಾಗ, ಏನು ಅರ್ಥ

ಹುಡುಕಲು ಶುರು ಮಾಡುವ ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳಿ. ಈ ಕಾರಿಗೆ ಕೊನೆಯದಾಗಿ ಏನು ಕೆಲಸ ಮಾಡಿಸಿದ್ದು? ಸರ್ವಿಸ್ ಮಾಡಿಸಿ ಒಂದು ವಾರದಲ್ಲಿ ಸೋರಲು ಶುರುವಾದರೆ ಮುಕ್ಕಾಲು ಪಾಲು ಉತ್ತರ ಆ ಬಿಲ್ಲಿನಲ್ಲೇ ಇರುತ್ತದೆ.

ಗೇರ್ ಎಣ್ಣೆ ಬದಲಿಸಿದ್ದರೆ ತಳದಲ್ಲಿ ಎಣ್ಣೆ ಹೊರಬಿಡುವ ಡ್ರೈನ್ ಬೋಲ್ಟ್ ನೋಡಿ. ಅದರ ತಲೆಯ ಕೆಳಗೆ ತಾಮ್ರದ್ದೋ ಅಲ್ಯೂಮಿನಿಯಂನದ್ದೋ ವಾಷರ್ ಇರುತ್ತದೆ. ಬಿಗಿ ಮಾಡಿದಾಗ ಅದು ಚಪ್ಪಟೆಯಾಗಿ ಸಂದು ಮುಚ್ಚುತ್ತದೆ. ಒಮ್ಮೆ ಚಪ್ಪಟೆಯಾದದ್ದನ್ನೇ ಮತ್ತೆ ಹಾಕಿದರೆ ಸರಿಯಾಗಿ ಕೂರುವುದಿಲ್ಲ. ಸೋರುತ್ತಿದೆ ಎಂದು ಇನ್ನೂ ಜೋರಾಗಿ ತಿರುಗಿಸಿದರೆ ಅಲ್ಯೂಮಿನಿಯಂ ಬಾಡಿಯ ಥ್ರೆಡ್ಡೇ ಹೋಗುತ್ತದೆ. ಕೆಲವೇ ರೂಪಾಯಿಯ ವಾಷರಿಗೆ ಹೋಗಬೇಕಾಗಿದ್ದು ಹೀಗೆ ದೊಡ್ಡದಾಗುತ್ತದೆ.

ಮುಂದಿನ ಸಸ್ಪೆನ್ಷನ್ ಕೆಲಸ, ಡ್ರೈವ್ ಶಾಫ್ಟಿನ (ಚಕ್ರಕ್ಕೆ ಶಕ್ತಿ ಒಯ್ಯುವ ದಂಡ) ಬೂಟು ಎಂಬ ರಬ್ಬರ್ ಹೊದಿಕೆಯ ಬದಲಾವಣೆ, ಕ್ಲಚ್ ಕೆಲಸ, ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಡ್ರೈವ್ ಶಾಫ್ಟನ್ನು ಗೇರ್‌ಬಾಕ್ಸ್‌ನಿಂದ ಎಳೆದು ಮತ್ತೆ ತೂರಿಸಿರುತ್ತಾರೆ. ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ ಸೋರುವುದೇ ಇಲ್ಲಿ. ಶಾಫ್ಟ್ ಗೇರ್‌ಬಾಕ್ಸ್ ಒಳಗೆ ಹೋಗುವ ಬಾಯಲ್ಲಿ ಒಂದು ಆಯಿಲ್ ಸೀಲ್ ಇರುತ್ತದೆ. ಉಂಗುರದಂಥ ರಬ್ಬರ್, ಒಳಗಡೆ ತೆಳುವಾದ ತುಟಿ, ಆ ತುಟಿಯ ಬೆನ್ನಿಗೆ ಕೂದಲಿನಷ್ಟು ಸಣ್ಣ ತಂತಿಯ ಸ್ಪ್ರಿಂಗ್. ಸ್ಪ್ರಿಂಗ್ ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುತ್ತದೆ, ಶಾಫ್ಟ್ ತಿರುಗಿದರೂ ಎಣ್ಣೆ ದಾಟುವುದಿಲ್ಲ. ಶಾಫ್ಟ್ ತೂರಿಸುವಾಗ ಅದರ ಹಲ್ಲು ತುಟಿಗೆ ತಾಗಿ ಗೀರಿದರೆ ಮುಗಿಯಿತು. ಸೋರುವ ಸೀಲಿನ ಕೆಳಗೆ ಗೇರ್‌ಬಾಕ್ಸ್ ಒದ್ದೆಯಾಗಿರುತ್ತದೆ, ಎಣ್ಣೆ ಶಾಫ್ಟಿನ ಒಳ ಜಾಯಿಂಟಿನ ಸುತ್ತ ಚಿಮ್ಮಿರುತ್ತದೆ. ಹರಿದ ಬೂಟಿನ ಗ್ರೀಸೂ ಹೀಗೇ ಚಿಮ್ಮುತ್ತದೆ ಎಂದು ಗೊಂದಲವಾಗಬಹುದು. ಗ್ರೀಸ್ ಕಪ್ಪಾಗಿ ಮುದ್ದೆಯಾಗಿ ಅಂಟಿಕೊಂಡಿರುತ್ತದೆ, ಹರಿಯುವುದಿಲ್ಲ.

ಹೊಸ ಸೀಲ್ ಹಾಕಿಸುವ ಮೊದಲು ಶಾಫ್ಟಿನ ಒಳತುದಿಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಸ್ವಲ್ಪ ಆಟ ಇರುವುದು ಸಹಜ. ಕಟಕಟ ಎಂದು ಜೋರಾಗಿ ಆಡಿದರೆ ಒಳಗಿನ ಬೇರಿಂಗ್ ಸವೆದಿದೆ. ಅಂಥದ್ದಕ್ಕೆ ಎಷ್ಟು ಹೊಸ ಸೀಲ್ ಹಾಕಿದರೂ ಬಾಳುವುದಿಲ್ಲ. ಮೆಕ್ಯಾನಿಕ್ ಶಾಫ್ಟ್ ಹೊರತೆಗೆದಾಗ ಸೀಲ್ ಕೂರುವ ಜಾಗಕ್ಕೆ ಉಗುರು ಎಳೆದು ನೋಡಲು ಹೇಳಿ. ವರ್ಷಗಟ್ಟಲೆ ಒಂದೇ ಕಡೆ ಉಜ್ಜಿ ಅಲ್ಲೊಂದು ಗೆರೆ ಬಿದ್ದಿರಬಹುದು. ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇದ್ದರೆ ಹೊಸ ತುಟಿಯೂ ಅದೇ ಗೆರೆಯಲ್ಲಿ ಕೂತು ಸೋರುತ್ತದೆ. ಜಾಗ ಇದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಒಳಗೋ ಹೊರಗೋ ಕೂರಿಸುತ್ತಾರೆ, ತುಟಿ ಹೊಸ ಜಾಗಕ್ಕೆ ಬರುತ್ತದೆ.

ಇನ್ನು ಬ್ರೀದರ್. ಇದರ ಬಗ್ಗೆ ಗ್ಯಾರೇಜುಗಳಲ್ಲಿ ಯಾರೂ ಮಾತಾಡುವುದಿಲ್ಲ, ನನ್ನ ಪ್ರಕಾರ ಮೊದಲು ನೋಡಬೇಕಾದದ್ದೇ ಇದು. ಗೇರ್‌ಬಾಕ್ಸ್‌ನ ನೆತ್ತಿಯಲ್ಲಿ ಒಂದು ಸಣ್ಣ ಟೊಪ್ಪಿಯೋ ಪೈಪಿನ ತುಂಡೋ ಇರುತ್ತದೆ. ಒಳಗಿನ ಗಾಳಿ ಬಿಸಿಯಾದಾಗ ಹೊರಹೋಗಲು, ತಣಿದಾಗ ಒಳಬರಲು ಅದು ದಾರಿ. ಗೇರ್‌ಬಾಕ್ಸ್ 20 ಡಿಗ್ರಿಯಿಂದ 80 ಡಿಗ್ರಿಗೆ ಬಿಸಿಯಾದರೆ ಒಳಗಿನ ಗಾಳಿ ಐದರಲ್ಲಿ ಒಂದು ಪಾಲು ಹಿಗ್ಗುತ್ತದೆ. ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಅದಕ್ಕೆ ಹೋಗಲು ಜಾಗವಿಲ್ಲ. ಒಳಗೆ ಒತ್ತಡ ಏರುತ್ತದೆ, ಯಾವ ಸೀಲ್ ದುರ್ಬಲವೋ ಅಲ್ಲಿಂದ ಎಣ್ಣೆಯನ್ನು ತಳ್ಳುತ್ತದೆ. ಸೀಲ್ ಬದಲಿಸಿದರೂ ತಿಂಗಳಲ್ಲಿ ಮತ್ತೆ ಸೋರಿತು, ಬಲದ್ದು ಮಾಡಿಸಿದರೆ ಎಡದ್ದು ಸೋರಿತು ಎನ್ನುವ ಕಥೆಗಳ ಹಿಂದೆ ಎಷ್ಟೋ ಸಲ ಇರುವುದು ಈ ಮುಚ್ಚಿದ ತೂತು. ಕೆಸರಿನ ದಾರಿಯಲ್ಲಿ ಓಡುವ ಗಾಡಿಗೆ, ತಿಂಗಳುಗಟ್ಟಲೆ ನಿಂತ ಗಾಡಿಗೆ ಇದು ಸುಲಭವಾಗಿ ಆಗುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಇಂಥ ಪೈಪಿನ ಬಾಯಿ ಕಂಡರೆ ಬಲು ಇಷ್ಟ. ಒಂದು ತಂತಿ ಹಾಕಿ ಬಿಡಿಸಿದರೆ ಆಯಿತು, ಕಸ ಒಳಗೆ ಬೀಳದಂತೆ ನೋಡಿಕೊಳ್ಳಬೇಕಷ್ಟೇ. ಒಂದು ಪೈಸೆ ಖರ್ಚಿಲ್ಲ.

ನೀರಿನ ಮಾತೂ ಇದಕ್ಕೇ ಸೇರಿದ್ದು. ಮಳೆಗಾಲದಲ್ಲಿ ಭಾಗಮಂಡಲದ ತ್ರಿವೇಣಿ ಸಂಗಮ ತುಂಬಿ ರಸ್ತೆಗೆ ನೀರು ಬರುತ್ತದೆ. ಅಂಥ ನೀರಿಗೆ ಬಿಸಿ ಗೇರ್‌ಬಾಕ್ಸ್ ಇಳಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಬ್ರೀದರ್ ಮತ್ತು ಸೀಲುಗಳ ಮೂಲಕ ನೀರನ್ನು ಒಳಗೆಳೆಯುತ್ತದೆ. ಆಮೇಲೆ ಸೋರುವ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಆ ಎಣ್ಣೆಯನ್ನು ಪೂರ್ತಿ ತೆಗೆಯದೆ ಗಾಡಿ ಓಡಿಸಬಾರದು. ಬೇರಿಂಗ್ ತುಕ್ಕು ಹಿಡಿಯುತ್ತದೆ.

ಗೇರ್ ಲಿವರಿನ ರಾಡು ಗೇರ್‌ಬಾಕ್ಸ್ ಒಳಗೆ ಹೋಗುವಲ್ಲೂ ಒಂದು ಸಣ್ಣ ಸೀಲ್ ಇದೆ. ರಿವರ್ಸ್ ಲೈಟಿನ ಸ್ವಿಚ್, ಸ್ಪೀಡೋಮೀಟರ್ ಕೇಬಲ್ ಕೂರುವ ಜಾಗದ ಓ-ರಿಂಗ್ ಕೂಡ ಸೋರುತ್ತವೆ. ಇವೆಲ್ಲ ಹೊರಗಿನ ಕೆಲಸ, ಅಗ್ಗದ ಸಾಮಾನು. ಕಲ್ಲು ಬಡಿದು ಬಾಡಿ ಸೀಳಿದ್ದರೆ ಎಣ್ಣೆ ತೊಟ್ಟಿಕ್ಕುವುದಿಲ್ಲ, ಸುರಿಯುತ್ತದೆ. ಕೂದಲಿನಷ್ಟು ಸಣ್ಣ ಬಿರುಕಾದರೆ ಚೆನ್ನಾಗಿ ಉಜ್ಜಿ ಒಣಗಿಸಿ ಎಂ-ಸೀಲ್ ಹಚ್ಚಿ ಗ್ಯಾರೇಜಿನವರೆಗೆ ತಲುಪಿದವರಿದ್ದಾರೆ. ಎಣ್ಣೆ ಪಸೆ ಇದ್ದರೆ ಅದೂ ನಿಲ್ಲುವುದಿಲ್ಲ. ಏನೇ ಆದರೂ ಅದು ತಲುಪಲು ಮಾತ್ರ.

ಕೊನೆಗೆ ಆ ಒಂದೆರಡು ಜಾಗಗಳು. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ, ಕ್ಲಚ್ ಇರುವ ಗಂಟೆಯಾಕಾರದ ಭಾಗಕ್ಕೆ ಬೆಲ್ ಹೌಸಿಂಗ್ ಎನ್ನುತ್ತಾರೆ. ಅದರ ತಳದ ಸಂದಿನಿಂದ ಎಣ್ಣೆ ಬರುತ್ತಿದ್ದರೆ ಎರಡು ಸಾಧ್ಯತೆ. ಒಂದು, ಎಂಜಿನ್ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿ ಎಂಜಿನ್ ಆಯಿಲ್ ಬರುತ್ತಿದೆ. ಎರಡು, ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಸೀಲ್ ಹೋಗಿ ಗೇರ್ ಎಣ್ಣೆ ಬರುತ್ತಿದೆ. ಇಲ್ಲಿ ಮತ್ತೆ ಮೂಗಿಗೆ ಕೆಲಸ. ಎರಡಕ್ಕೂ ಗೇರ್‌ಬಾಕ್ಸ್ ಇಳಿಯಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಈ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿದರೆ ಕ್ಲಚ್ ಜಾರುತ್ತದೆ. ಕುಶಾಲನಗರದಿಂದ ಮಡಿಕೇರಿ ಏರುವಾಗ ಎಂಜಿನ್ ಕಿರುಚಿದರೂ ಕಾರು ಮುಂದೆ ಹೋಗುತ್ತಿಲ್ಲ, ಸುಟ್ಟ ವಾಸನೆ ಬೇರೆ ಎಂದಾದರೆ ಅದೇ. ಹೇಗೂ ಇಳಿಸುತ್ತೀರಲ್ಲ, ಎರಡೂ ಸೀಲ್ ಒಟ್ಟಿಗೆ ಹಾಕಿಸಿಬಿಡಿ. ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಕೂಡ ಅದೇ ಕೂಲಿಯಲ್ಲಿ ಮುಗಿಯುತ್ತದೆ.

ಆಟೊಮ್ಯಾಟಿಕ್ ಕಾರಿನ ಲೆಕ್ಕವೇ ಬೇರೆ

ಮ್ಯಾನ್ಯುವಲ್ ಗೇರ್‌ಬಾಕ್ಸ್‌ನಲ್ಲಿ ಎಣ್ಣೆಯ ಕೆಲಸ ಜಾರಿಸುವುದು. ಸ್ವಲ್ಪ ಕಡಿಮೆಯಾದರೂ ಗಾಡಿ ಓಡುತ್ತದೆ, ಒಳಗೊಳಗೇ ಸವೆಯುತ್ತದೆ. ಆಟೊಮ್ಯಾಟಿಕ್‌ನಲ್ಲಿ ಎಣ್ಣೆಯ ಒತ್ತಡದಿಂದಲೇ ಗೇರ್ ಬೀಳುವುದು. ಎಂಜಿನ್ನಿನ ಶಕ್ತಿ ಚಕ್ರಕ್ಕೆ ದಾಟುವುದೂ ಟಾರ್ಕ್ ಕನ್ವರ್ಟರ್ ಎಂಬ ಡಬ್ಬಿಯೊಳಗಿನ ಎಣ್ಣೆಯ ಮೂಲಕ. ಎಣ್ಣೆ ಕಡಿಮೆಯಾದರೆ ಕಾರು ನೇರವಾಗಿ ಹೇಳುತ್ತದೆ. ಡಿ ಗೆ ಹಾಕಿದ ಮೇಲೆ ಎರಡು ಮೂರು ಸೆಕೆಂಡ್ ತಡವಾಗಿ ಎಳೆಯುತ್ತದೆ. ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ವಾಲಿದಾಗ ಪಂಪಿಗೆ ಗಾಳಿ ಸಿಗುತ್ತದೆ, ಎಳೆತ ತಪ್ಪಿ ಮತ್ತೆ ಬರುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಗೊತ್ತೇ ಆಗದ ಕೊರತೆ ಮಾಕುಟ್ಟ ಘಾಟಿಯ ಮೊದಲ ನಾಲ್ಕು ತಿರುವಿನಲ್ಲೇ ಬಯಲಾಗುತ್ತದೆ.

ಇಲ್ಲಿ ಕೇಳಬೇಕಾದ ಪ್ರಶ್ನೆ, ಸೋರುವುದು ಓಡುವಾಗಲೋ ನಿಂತಾಗಲೋ? ಎಣ್ಣೆಯನ್ನು ತಂಪು ಮಾಡಲು ಗೇರ್‌ಬಾಕ್ಸ್‌ನಿಂದ ರೇಡಿಯೇಟರಿಗೆ ಎರಡು ಪೈಪು ಹೋಗುತ್ತವೆ. ನಡುವೆ ರಬ್ಬರ್ ಹೋಸು. ಎಂಜಿನ್ ಓಡುವಾಗ ಮಾತ್ರ ಇದರಲ್ಲಿ ಒತ್ತಡ. ಹಾಗಾಗಿ ನಿಲ್ಲಿಸಿದಾಗ ಒಂದು ತೊಟ್ಟೂ ಇಲ್ಲ, ಸ್ಟಾರ್ಟ್ ಮಾಡಿದರೆ ಧಾರೆ ಎಂದರೆ ಮೊದಲ ಅನುಮಾನ ಈ ಹೋಸಿನ ಮೇಲೆ. ತೋಟದ ಮನೆಗಳಲ್ಲಿ ಇಲಿಗೂ ಇದರಲ್ಲಿ ಪಾಲಿದೆ, ಹಲ್ಲಿನ ಗುರುತು ಇದೆಯಾ ನೋಡಿ. ಬಿಸಿ ಸೈಲೆನ್ಸರಿಗೆ ಎಣ್ಣೆ ಚಿಮ್ಮಿದರೆ ಹೊಗೆ ಬರುತ್ತದೆ, ಬೆಂಕಿಯೂ ಹತ್ತಬಹುದು. ಆಗ ತಕ್ಷಣ ಎಂಜಿನ್ ಬಂದ್.

ನಿಂತಾಗ ನಿಧಾನವಾಗಿ ಸೋರಿದರೆ ತಳದ ಪ್ಯಾನಿನ ಪ್ಯಾಕಿಂಗ್. ಬಹಳ ದಿನ ನಿಂತ ಮೇಲೆ ಮಾತ್ರ ಸೋರಿ, ಓಡಿಸಲು ಶುರು ಮಾಡಿದ ಮೇಲೆ ನಿಂತುಹೋದರೆ ಅದರ ಹಿಂದೆ ಒಂದು ಸ್ವಾರಸ್ಯವಿದೆ. ಕಾರು ಸುಮ್ನೆ ನಿಂತಾಗ ಟಾರ್ಕ್ ಕನ್ವರ್ಟರಿನಲ್ಲಿರುವ ಎಣ್ಣೆ ಮೆಲ್ಲಗೆ ಕೆಳಗಿಳಿದು ಪ್ಯಾನಿಗೆ ಸೇರುತ್ತದೆ. ಪ್ಯಾನಿನ ಮಟ್ಟ ಮೇಲೇರಿ, ಸಾಮಾನ್ಯವಾಗಿ ಎಣ್ಣೆ ಮುಟ್ಟದ ಸೀಲುಗಳವರೆಗೆ ಬರುತ್ತದೆ. ಗೇರ್ ಲಿವರಿನ ಶಾಫ್ಟ್ ಸೀಲ್ ಹಳತಾಗಿದ್ದರೆ ಅಲ್ಲಿಂದ ಹೊರಬೀಳುತ್ತದೆ. ಕಕ್ಕಡ ಮುಗಿಸಿ ಹೊರಬಂದ ಆಟೊಮ್ಯಾಟಿಕ್ ಕಾರುಗಳ ಕೆಂಪು ಕಲೆಗೆ ಇದೂ ಒಂದು ಕಾರಣ. ಗಾಬರಿ ಬೇಡ, ಸೀಲ್ ಮಾತ್ರ ಬದಲಿಸಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಂಗಳದಲ್ಲಿ ಒಂದು ಸುತ್ತು ಓಡಿಸಿದರೆ ಅಷ್ಟು ಎಣ್ಣೆ ಕೆಳಗಿಳಿಯುವುದೇ ಇಲ್ಲ.

ಹೆದರಬೇಕಾದ ಸೋರಿಕೆಯೊಂದಿದೆ, ಅದು ನೆಲಕ್ಕೆ ಬೀಳುವುದಿಲ್ಲ. ರೇಡಿಯೇಟರಿನೊಳಗಿನ ಎಣ್ಣೆ ಪೈಪು ತೂತಾದರೆ ಎಟಿಎಫ್ ಮತ್ತು ಕೂಲೆಂಟ್ ಒಂದಾಗುತ್ತವೆ. ಎಣ್ಣೆ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನಲ್ಲೋ ಕೂಲೆಂಟ್ ಡಬ್ಬಿಯಲ್ಲೋ ಗುಲಾಬಿ ಬಣ್ಣದ ನೊರೆ ಕಾಣುತ್ತದೆ. ಅದನ್ನು ಕಂಡ ಮೇಲೆ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ನೀರು ಸೇರಿದ ಎಣ್ಣೆ ಒಳಗಿನ ಕ್ಲಚ್ ಪ್ಲೇಟುಗಳ ಅಂಟನ್ನು ಬಿಡಿಸುತ್ತದೆ.

ಎಣ್ಣೆಯ ಮಟ್ಟ ನೋಡುವ ಕ್ರಮವೂ ಕಾರಿನಿಂದ ಕಾರಿಗೆ ಬೇರೆ. ಬಹಳಷ್ಟು ಕಾರುಗಳಲ್ಲಿ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆದು ನೋಡಬೇಕು. ಹೋಂಡಾದಂಥ ಕೆಲವಕ್ಕೆ ಬಿಸಿ ಮಾಡಿ ಎಂಜಿನ್ ನಿಲ್ಲಿಸಿದ ಮೇಲೆ ನೋಡಬೇಕು. ಕಾರಿನ ಜೊತೆ ಬಂದ ಪುಸ್ತಕ ನೋಡದೆ ಎಣ್ಣೆ ಸುರಿಯಬೇಡಿ. ಜಾಸ್ತಿ ತುಂಬಿದರೂ ನೊರೆಯೆದ್ದು ಬ್ರೀದರಿನಿಂದ ಉಕ್ಕುತ್ತದೆ. ಅದನ್ನು ಕಂಡು ಮತ್ತೊಂದು ಸೋರಿಕೆ ಎಂದು ಓಡಾಡುವವರಿದ್ದಾರೆ.

ಜೀಪಿನವರಿಗೆ ಎರಡು ಮಾತು

ಹಳೇ ಫೋರ್‌ವ್ಹೀಲ್ ಜೀಪಿನಲ್ಲಿ ಗೇರ್‌ಬಾಕ್ಸ್ ಬೆನ್ನಿಗೆ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ನಡುವಿನ ಸೀಲ್ ಸವೆದರೆ ಒಂದರ ಎಣ್ಣೆ ಇನ್ನೊಂದಕ್ಕೆ ಹೋಗುತ್ತದೆ. ಒಂದು ಖಾಲಿ, ಇನ್ನೊಂದು ತುಂಬಿ ಹೊರಗೆ ಸೋರುತ್ತದೆ. ಸೋರುವುದನ್ನು ಮಾತ್ರ ನೋಡಿ ಸೀಲ್ ಹಾಕಿದರೆ ಖಾಲಿಯಾದದ್ದು ಕೈಕೊಡುತ್ತದೆ. ಎರಡರ ಮಟ್ಟವನ್ನೂ ನೋಡಿ. ಪ್ರೊಪೆಲ್ಲರ್ ಶಾಫ್ಟ್ ಕೂರುವ ಸೀಲುಗಳು, ಮುಂದಿನ ಹಿಂದಿನ ಆಕ್ಸಲ್ ಹೌಸಿಂಗಿನ ಬ್ರೀದರುಗಳು ಇವೂ ಅದೇ ಪಟ್ಟಿಗೆ.

ಓಡಿಸಬಹುದಾ, ಎಳೆಸಬೇಕಾ?

ಸಣ್ಣ ಕಾರಿನ ಮ್ಯಾನ್ಯುವಲ್ ಗೇರ್‌ಬಾಕ್ಸ್‌ನಲ್ಲಿ ಸುಮಾರು ಎರಡು ಲೀಟರ್ ಎಣ್ಣೆ ಇರುತ್ತದೆ, ಅಷ್ಟೇ. ಸೆಕೆಂಡಿಗೊಂದು ತೊಟ್ಟು ಬಿದ್ದರೆ ಗಂಟೆಗೆ 100 ಮಿಲಿಗಿಂತ ಜಾಸ್ತಿ ಹೋಯಿತು. ರಾತ್ರಿಯಿಡೀ ಸೇರಿ ರಟ್ಟಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಕಲೆಯಾದರೆ ಒಂದು ವಾರ ತಡೆದು ಅನುಕೂಲ ನೋಡಿ ಗ್ಯಾರೇಜಿಗೆ ಹೋಗಬಹುದು. ಊಟದ ತಟ್ಟೆಯಷ್ಟಾದರೆ ಮಟ್ಟ ನೋಡಿ ತುಂಬಿಸದೆ ಹೊರಡಬೇಡಿ. ಮಟ್ಟ ನೋಡಲು ಗೇರ್‌ಬಾಕ್ಸ್ ಪಕ್ಕದಲ್ಲಿ ಫಿಲ್ಲರ್ ಬೋಲ್ಟ್ ಇರುತ್ತದೆ. ಕಾರು ಸಮತಟ್ಟಾಗಿ ನಿಂತಿರುವಾಗ ಅದನ್ನು ಬಿಚ್ಚಿ ಬೆರಳು ಹಾಕಿದರೆ, ಹೆಚ್ಚಿನ ಕಾರುಗಳಲ್ಲಿ ತೂತಿನ ಕೆಳಅಂಚಿನವರೆಗೆ ಎಣ್ಣೆ ಸಿಗಬೇಕು. ಎಣ್ಣೆ ಬದಲಿಸುವಾಗಲೂ ಮೊದಲು ಬಿಚ್ಚಬೇಕಾದದ್ದು ಈ ಮೇಲಿನ ಬೋಲ್ಟು. ಕೆಳಗಿನದ್ದನ್ನು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನದ್ದು ತುಕ್ಕು ಹಿಡಿದು ಬರಲಿಲ್ಲ ಎಂದರೆ ಕಾರು ಅಲ್ಲೇ.

ಆಟೊಮ್ಯಾಟಿಕ್ ಕಾರಿನಲ್ಲಿ ಎಳೆತ ತಪ್ಪುತ್ತಿದ್ದರೆ ಸಂಪಾಜೆ ಕಡೆ ಇಳಿಯುವ ಯೋಚನೆ ಬಿಟ್ಟುಬಿಡಿ. ಗೇರ್ ಹಿಡಿಯದಿದ್ದರೆ ಎಂಜಿನ್ ತಡೆಯುವುದೂ ಇಲ್ಲ. ಅಷ್ಟೂ ಇಳಿಜಾರು ಬ್ರೇಕಿನ ಮೇಲೆಯೇ ಬೀಳುತ್ತದೆ. ಹಾಗೆಂದು ಪಕ್ಕದ ತೋಟದ ಜೀಪಿಗೆ ಹಗ್ಗ ಕಟ್ಟಿಸಿ ಎಳೆಸುವುದೂ ತಪ್ಪು. ಆಟೊಮ್ಯಾಟಿಕ್‌ನ ಎಣ್ಣೆ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತು ಚಕ್ರ ತಿರುಗಿದರೆ ಒಳಗೆಲ್ಲ ಒಣ ಉಜ್ಜಾಟ. ಶಕ್ತಿ ಹೋಗುವ ಚಕ್ರಗಳು ನೆಲ ಬಿಟ್ಟಿರಬೇಕು, ಇಲ್ಲವೇ ಇಡೀ ಕಾರು ಲಾರಿಯ ಮೇಲೆ ಹೋಗಬೇಕು.

ಗ್ಯಾರೇಜಿನಲ್ಲಿ

ಈಗ ನೀವು ಗ್ಯಾರೇಜಿಗೆ ಹೋಗಿ "ಅಣ್ಣಾ, ಎಣ್ಣೆ ಸೋರ್ತಾ ಇದೆ" ಎನ್ನಬೇಕಾಗಿಲ್ಲ. "ಅಣ್ಣಾ, ಗೇರ್ ಎಣ್ಣೆಯೇ, ಬ್ರೀದರ್ ಬಿಡಿಸಿ ನೋಡಿದೆ, ಎಡಗಡೆ ಶಾಫ್ಟ್ ಸೀಲ್ ಬುಡದಲ್ಲಿ ಒದ್ದೆ ಇದೆ" ಎನ್ನಿ. ಫೋನಿನಲ್ಲಿ ಪೌಡರಿನ ಮೇಲಿನ ಗೆರೆಯ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಒಳ್ಳೆ ಮೆಕ್ಯಾನಿಕ್ ಇದರಿಂದ ಖುಷಿಪಡುತ್ತಾರೆ, ಅವರ ಅರ್ಧ ದಿನ ಉಳಿಯುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ ಕೆಳಗೆ ನೋಡದೆ "ಇಳಿಸಿಯೇ ನೋಡಬೇಕು" ಎಂದರೆ ಇನ್ನೊಂದು ಗ್ಯಾರೇಜು ನೋಡುವುದರಲ್ಲಿ ತಪ್ಪಿಲ್ಲ. ಬೆಲ್ ಹೌಸಿಂಗಿನಿಂದಲೇ ಬರುತ್ತಿದೆ ಎಂದು ತೋರಿಸಿದರೆ ಒಪ್ಪಿಕೊಳ್ಳಿ.

ಹಳೇ ಕಾರಿನ ಸೀಲ್ ಸಿಗುವುದಿಲ್ಲ ಎಂಬ ಮಾತು ಬಂದರೆ ಬಿಚ್ಚಿದ ಸೀಲಿನ ಮುಖ ಒರೆಸಿ ನೋಡಿ. ಸಾಮಾನ್ಯವಾಗಿ ಮೂರು ಅಂಕಿ ಅಚ್ಚಾಗಿರುತ್ತವೆ, ಒಳ ಅಳತೆ, ಹೊರ ಅಳತೆ, ದಪ್ಪ, ಎಲ್ಲ ಮಿಲಿಮೀಟರಿನಲ್ಲಿ. 35-50-8 ಎಂಬ ಹಾಗೆ. ಮೈಸೂರಿನ ಬೇರಿಂಗ್ ಅಂಗಡಿಗಳಲ್ಲಿ ಆ ಅಂಕಿ ಹೇಳಿದರೆ ಸಾಕು. ಒಂದು ಎಚ್ಚರಿಕೆ ಇದೆ. ಕೆಲವು ಶಾಫ್ಟ್ ಸೀಲುಗಳ ತುಟಿಯಲ್ಲಿ ಎಣ್ಣೆಯನ್ನು ಒಳಕ್ಕೆ ತಳ್ಳುವ ಓರೆ ಗೀರುಗಳಿರುತ್ತವೆ. ಅಂಥವಕ್ಕೆ ಎಡ ಬೇರೆ, ಬಲ ಬೇರೆ. ಅದಲು ಬದಲಾದರೆ ಹೊಸ ಸೀಲೇ ಎಣ್ಣೆಯನ್ನು ಹೊರಹಾಕುತ್ತದೆ. ಕೂರಿಸುವಾಗ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಬೇಕು, ತುಟಿಗೆ ಸ್ವಲ್ಪ ಎಣ್ಣೆ ಸವರಬೇಕು, ಸುತ್ತಲೂ ಸಮನಾಗಿ ಬಡಿಯಬೇಕು. ಸ್ಕ್ರೂಡ್ರೈವರ್ ಇಟ್ಟು ಒಂದೊಂದೇ ಕಡೆ ಬಡಿಯುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ.

ಸೋರಿಕೆ ನಿಲ್ಲಿಸುವ ಬಾಟಲಿ ಔಷಧಿಗಳು ಅಂಗಡಿಯಲ್ಲಿ ಸಿಗುತ್ತವೆ. ಅವು ಗಟ್ಟಿಯಾದ ರಬ್ಬರನ್ನು ಊದಿಸಿ ಮೆದು ಮಾಡುತ್ತವೆ. ಒಂದಷ್ಟು ದಿನ ನಿಂತಂತೆ ಕಾಣುತ್ತದೆ. ಹರಿದ ತುಟಿಗೆ, ತೂತಾದ ಹೋಸಿಗೆ, ಸೀಳಿದ ಬಾಡಿಗೆ ಅವುಗಳಿಂದ ಏನೂ ಆಗುವುದಿಲ್ಲ. ಅದೇ ದುಡ್ಡಿಗೆ ಒಂದು ಸೀಲ್ ಬರುತ್ತದೆ.

ತುಂಬಿಸುವ ಎಣ್ಣೆಯಲ್ಲಿ ಮಾತ್ರ ರಾಜಿ ಬೇಡ. ಗೇರ್ ಎಣ್ಣೆಯ ಡಬ್ಬಿಯ ಮೇಲೆ 75ಡಬ್ಲ್ಯು-90, 80ಡಬ್ಲ್ಯು-90 ಎಂದು ದಪ್ಪದ ಲೆಕ್ಕ ಇರುತ್ತದೆ. ಜೊತೆಗೆ ಜಿಎಲ್-4 ಅಥವಾ ಜಿಎಲ್-5 ಎಂದೂ ಇರುತ್ತದೆ. ಪುಸ್ತಕದಲ್ಲಿ ಜಿಎಲ್-4 ಎಂದಿದ್ದರೆ, ಅಂಗಡಿಯವರು "ಇದು ಇನ್ನೂ ಒಳ್ಳೇದು" ಎಂದು ಜಿಎಲ್-5 ಕೊಟ್ಟರೂ ಬೇಡವೆನ್ನಿ. ಅದರಲ್ಲಿ ಗಂಧಕದ ಅಂಶ ಜಾಸ್ತಿ, ಹಳೇ ಗೇರ್‌ಬಾಕ್ಸ್‌ಗಳ ಹಿತ್ತಾಳೆ ಸಿಂಕ್ರೊ ರಿಂಗುಗಳನ್ನು (ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಉಂಗುರಗಳು) ಅದು ತಿನ್ನಬಹುದು. ಎಟಿಎಫ್‌ಗೂ ಇದೇ ಮಾತು. ಎಲ್ಲ ಕೆಂಪು ಎಣ್ಣೆಯೂ ಒಂದೇ ಅಲ್ಲ, ಪುಸ್ತಕದಲ್ಲಿರುವ ಹೆಸರೇ ಡಬ್ಬಿಯ ಮೇಲೂ ಇರಬೇಕು. ಹಳೇ ಎಣ್ಣೆ ಬಿಚ್ಚಿದಾಗ ಡ್ರೈನ್ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದನ್ನು ಬೆರಳಲ್ಲಿ ಒರೆಸಿ ನೋಡಿ. ಬೂದು ಬಣ್ಣದ ನುಣ್ಣನೆ ಕೆಸರು ಇದ್ದರೆ ಅದು ವಯಸ್ಸಿನದ್ದು, ಒರೆಸಿ ಹಾಕಿ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಸೋರಿಕೆಯ ಜೊತೆಗೆ ಇನ್ನೊಂದು ಕೆಲಸವೂ ಇದೆ, ಹೊಸ ಎಣ್ಣೆ ಸುರಿಯುವ ಮೊದಲೇ ಅದನ್ನು ಮೆಕ್ಯಾನಿಕ್‌ಗೆ ತೋರಿಸಿ.